ಮಗುವಿಗೆ ಡಯಟ್ ಬೇಡ, ಮನೆಯ ಊಟ ಬದಲಾಗಲಿ

ಮೊನ್ನೆ ಇಲ್ಲಿ ಅಮೆರಿಕದಲ್ಲಿ ಒಬ್ಬ ತಾಯಿ ಕೇಳಿದ್ದರು. ಒಂಬತ್ತು ವರ್ಷದ ಮಗನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 88ನೇ ಪರ್ಸೆಂಟೈಲ್‌ಗೆ, ಅಂದರೆ ಅದೇ ವಯಸ್ಸಿನ ನೂರು ಹುಡುಗರಲ್ಲಿ ಸುಮಾರು 88 ಮಂದಿಗಿಂತ ಮೇಲಕ್ಕೆ, ಬಂದಿದೆ ಎಂದು ಡಾಕ್ಟರು ಹೇಳಿದ್ದಾರೆ, ಅನ್ನ ಪೂರ್ತಿ ನಿಲ್ಲಿಸಿಬಿಡಲಾ ಎಂದು. ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದ ಲೆಕ್ಕದಲ್ಲಿ 85 ದಾಟಿದರೆ ತೂಕ ಜಾಸ್ತಿ, 95 ಮುಟ್ಟಿದರೆ ಬೊಜ್ಜು. ನಿಮ್ಮ ಮಗ ಇನ್ನೂ ಬೆಳೆಯುವ ಹುಡುಗ. ಈ ಹಂತದಲ್ಲಿ ಎಷ್ಟೋ ಮಕ್ಕಳಿಗೆ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ. ತೂಕ ನಿಧಾನವಾಗಿ ಏರಿ, ಎತ್ತರ ಚೆನ್ನಾಗಿ ಬೆಳೆದರೆ ಪರ್ಸೆಂಟೈಲ್ ತಾನಾಗಿ ಕೆಳಗೆ ಬರುತ್ತದೆ. ಅದಕ್ಕೆ ವರ್ಷಗಟ್ಟಲೆ ನಡೆಸಬಹುದಾದ ಊಟದ ಪದ್ಧತಿ ಬೇಕು. ಅದೂ ಇಡೀ ಮನೆಗೆ. ಅಣ್ಣನಿಗೆ ಬೇಯಿಸಿದ ತರಕಾರಿ, ತಂಗಿಗೆ ಪೂರಿ ಬಡಿಸಿದರೆ ಅವನು ಕದ್ದು ತಿನ್ನುವುದನ್ನು ಕಲಿಯುತ್ತಾನೆ, ಅಷ್ಟೇ.

ನಮ್ಮ ಬಹುತೇಕ ಮನೆಗಳ ತಟ್ಟೆ ನೋಡಿ. ರಾಶಿ ಅನ್ನ, ತಿಳಿ ಸಾರು, ಮೂಲೆಯಲ್ಲಿ ಎರಡು ಚಮಚ ಪಲ್ಯ, ಮೇಲೊಂದು ಹಪ್ಪಳ. ಅನ್ನದ ತಪ್ಪೇನಿಲ್ಲ, ಅಳತೆ ತಪ್ಪಿದೆ. ನಮ್ಮ ಮನೆಯಲ್ಲಿ ಬಡಿಸುವ ಕ್ರಮ ಹೀಗಿದೆ: ಮೊದಲು ಕೋಸಂಬರಿ, ಪಲ್ಯ. ಹಸಿದು ಕೂತ ಮಕ್ಕಳು ಸೌತೆಕಾಯಿ ಕೋಸಂಬರಿಯನ್ನು ಮಾತಾಡದೆ ಖಾಲಿ ಮಾಡುತ್ತಾರೆ. ಆಮೇಲೆ ಗಟ್ಟಿ ಹುಳಿ, ಅದರ ಜೊತೆ ಅನ್ನ ಅಥವಾ ಪುಟ್ಟ ಮುದ್ದೆ. ಸಬ್ಬಸಿಗೆ ಸೊಪ್ಪು ಇಲ್ಲಿ ಯಾವ ಅಂಗಡಿಯಲ್ಲೂ ಡಿಲ್ ಎಂಬ ಹೆಸರಲ್ಲಿ ಸಿಗುತ್ತದೆ. ಪಾಲಕ್ ಜೊತೆ ತೊಗರಿಬೇಳೆಗೆ ಹಾಕಿದರೆ ಮಸ್ಸೊಪ್ಪು ರೆಡಿ. ಬೇಳೆ, ಕಾಳು, ಸೊಪ್ಪು ಜಾಸ್ತಿ ಇದ್ದಷ್ಟೂ ಹೊಟ್ಟೆ ತುಂಬಿದ ಹಾಗೆ ಹೆಚ್ಚು ಹೊತ್ತು ಇರುತ್ತದೆ. ಒಗ್ಗರಣೆಗೆ ಮಾತ್ರ ಬಾಟಲಿಯಿಂದ ಸುಮ್ನೆ ಸುರಿಯಬೇಡಿ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲರಿ.

ಆದರೆ ನನಗೆ ಅನ್ನಕ್ಕಿಂತ ಹೆಚ್ಚು ಚಿಂತೆ ಇರುವುದು ಮಧ್ಯಾಹ್ನ ಮೂರೂವರೆಯ ಹೊತ್ತಿನ ಬಗ್ಗೆ. ಶಾಲೆಯಲ್ಲಿ ಹನ್ನೊಂದು, ಹನ್ನೊಂದೂವರೆಗೇ ಲಂಚ್ ಮುಗಿದಿರುತ್ತದೆ. ಬಸ್ ಇಳಿದು ಬರುವ ಮಗು ನಿಜವಾಗಿ ಹಸಿದಿರುತ್ತದೆ. ಕೈಗೆ ಸಿಗುವುದು ಚಿಪ್ಸ್, ಕುಕೀಸ್, ಜ್ಯೂಸ್ ಡಬ್ಬಿ. ಎಂಟು ಔನ್ಸ್ ಆಪಲ್ ಜ್ಯೂಸ್‌ನಲ್ಲಿ ಸುಮಾರು 24 ಗ್ರಾಂ ಸಕ್ಕರೆ, ಅಂದರೆ ಆರು ಟೀ ಚಮಚ. ಶುದ್ಧ ಹಣ್ಣಿನ ರಸವಾದ್ದರಿಂದ ಲೇಬಲ್‌ನಲ್ಲಿ ಆಡೆಡ್ ಶುಗರ್ಸ್ ಎದುರು ಸೊನ್ನೆ ಎಂದೇ ಇರುತ್ತದೆ. ಅದನ್ನು ನೋಡಿ ನಿಶ್ಚಿಂತೆಯಿಂದ ಕೊಡುತ್ತೇವೆ, ಅಲ್ವಾ? ಸೇಬನ್ನೇ ಕೊಡಿ, ನೀರು ಕುಡಿಸಿ.

ಆ ಹೊತ್ತಿಗೆ ತಿಂಡಿಯಲ್ಲ, ಸಣ್ಣ ಊಟವೇ ಸಿದ್ಧವಿರಲಿ. ರಾಗಿ ದೋಸೆ, ಕಡಲೆಕಾಳು ಉಸಲಿ, ಸೌತೆಕಾಯಿ ತುರಿದ ಮೊಸರನ್ನ, ಏನಾದರೂ ಸರಿ. ರಾತ್ರಿ ಊಟ ಆರೂವರೆ, ಏಳಕ್ಕೆ ಬರಲಿ. ಎಂಟೂವರೆಗೆ ಮಲಗಬೇಕಾದ ಮಕ್ಕಳಿಗೆ ನಾವು ಊರಿನ ಹಾಗೆ ಒಂಬತ್ತಕ್ಕೆ ಬಡಿಸಿದರೆ, ಮಧ್ಯದಲ್ಲಿ ಅವರು ಪ್ಯಾಕೆಟ್ ಹುಡುಕುವುದು ಸಹಜ. ಇಬ್ಬರೂ ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟ ಎಂದು ಗೊತ್ತು. ಭಾನುವಾರವೇ ಕಾಳು ಬೇಯಿಸಿ, ಹಿಟ್ಟು ರುಬ್ಬಿ ಇಟ್ಟುಕೊಂಡರೆ ವಾರ ಸಾಗುತ್ತದೆ.

ಇನ್ನು "ಒಂದೇ ಒಂದು ತುತ್ತು" ಎಂದು ತುರುಕುವ ಅಭ್ಯಾಸ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಡಯೆಟಿಷಿಯನ್ ಒಂದು ಸರಳ ನಿಯಮ ಹೇಳಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ಅಪ್ಪ ಅಮ್ಮನ ಕೆಲಸ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ತೀರ್ಮಾನ. ಸಾಕು ಅಂದರೆ ಸಾಕು. ಊರಿಂದ ಬಂದ ಅಜ್ಜಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ನಮ್ಮತ್ತೆಗೆ ನಾವು ಮುದ್ದೆ, ಸೊಪ್ಪಿನ ಸಾರಿನ ಜವಾಬ್ದಾರಿ ಕೊಟ್ಟೆವು. ಪ್ರೀತಿಯಿಂದ ಮಾಡಿ ಬಡಿಸಿದರು, ತುಪ್ಪದ ಬಟ್ಟಲು ಮಾತ್ರ ನಮ್ಮ ಕೈಯಲ್ಲಿತ್ತು. ಮಗುವಿನ ಎದುರು "ಡುಮ್ಮ", "ಗುಂಡ" ಎಂದು ಯಾರೂ ಕರೆಯದ ಹಾಗೆ ನೋಡಿಕೊಳ್ಳಿ. ಮಕ್ಕಳು ಅದನ್ನು ಮರೆಯುವುದಿಲ್ಲ.

ನಮ್ಮ ತೂಕವನ್ನೂ ನೋಡಿಕೊಳ್ಳೋಣ. ನಮ್ಮಂಥ ಏಷ್ಯಾ ಮೂಲದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರಬಹುದು. ಅದಕ್ಕೇ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ನಮ್ಮಂಥ ದೊಡ್ಡವರಿಗೆ ಬಿಎಂಐ 25ರ ಬದಲು 23ಕ್ಕೇ ತಪಾಸಣೆ ಯೋಚಿಸಿ ಎನ್ನುತ್ತಿದೆ. ಮಕ್ಕಳಲ್ಲಿ ಪರ್ಸೆಂಟೈಲ್ 85 ದಾಟಿದ್ದು, ಮನೆತನದಲ್ಲಿ ಕಾಯಿಲೆ ಇದ್ದರೆ, ಹತ್ತು ವರ್ಷದ ನಂತರ ಅಥವಾ ಪ್ರೌಢಾವಸ್ಥೆ ಶುರುವಾದಾಗ ರಕ್ತಪರೀಕ್ಷೆಯ ಬಗ್ಗೆ ಡಾಕ್ಟರು ಯೋಚಿಸುತ್ತಾರೆ. ನಿಮ್ಮ ಮಗನಿಗೆ ಹತ್ತು ಹತ್ತಿರವಾಯಿತು. ಅಜ್ಜ ಅಜ್ಜಿಗೆ ಶುಗರ್ ಇದ್ದರೆ, ಅಥವಾ ಬಸುರಿಯಲ್ಲಿ ನಿಮಗೇ ಬಂದಿದ್ದರೆ, ಮುಂದಿನ ಚೆಕಪ್‌ನಲ್ಲಿ ಅವರು ಕೇಳುವ ಮೊದಲೇ ಹೇಳಿಬಿಡಿ.