ಗುಂಡು ತೊಡೆಗೆ, ಗುಂಡಿ ಅಂಗಿಗೆ

ಜುಲೈ ತಿಂಗಳ ಮಳೆ ಹಿಡಿಯಿತೆಂದರೆ ಸರೋಜಕ್ಕನ ಲೈಬ್ರರಿಗೆ ಓದುಗರು ಬರುವುದಿಲ್ಲ, ನಾವು ಬರುತ್ತೇವೆ. ಓದುಗರು ಪುಸ್ತಕ ಒಯ್ಯುತ್ತಾರೆ, ನಾವು ಚುರುಮುರಿ ತರುತ್ತೇವೆ, ವ್ಯತ್ಯಾಸ ಅಷ್ಟೆ. ಪುಸ್ತಕದ ಬೆಲೆಯಲ್ಲಿ ನೂರಕ್ಕೆ ಹತ್ತು ಬಾಡಿಗೆ ಎಂಬ ಫಲಕ ಬಾಗಿಲ ಮೇಲೆ ಮೂವತ್ತು ವರ್ಷಗಳಿಂದ ತೂಗುತ್ತಿದೆ. ಹರಟೆಗೂ ಬಾಡಿಗೆ ಗೊತ್ತುಮಾಡಿದ್ದರೆ ಸರೋಜಕ್ಕ ಇಷ್ಟರಲ್ಲಿ ಎರಡು ಮಹಡಿ ಎಬ್ಬಿಸಿರುತ್ತಿದ್ದರು.

ಮೊನ್ನೆ ಶನಿವಾರ ಅವರು ಹಳೆಯ ಇಂಗ್ಲಿಷ್ ಪ್ರೇಮಕಾದಂಬರಿಗಳನ್ನು ಮೇಜಿನ ಮೇಲೆ ಹರವಿಕೊಂಡು ಬೆನ್ನಿಗೆ ಗೋಂದು ಹಚ್ಚುತ್ತಿದ್ದರು. ಹದಿನಾಲ್ಕು ಪುಸ್ತಕಗಳಲ್ಲಿ ಹನ್ನೊಂದರ ಕಥೆ ಒಂದೇ. ಯುದ್ಧದಲ್ಲಿ ಗಾಯಗೊಂಡ ಸೈನಿಕ ಊರಿಗೆ ಮರಳುತ್ತಾನೆ, ಯಾರನ್ನೂ ಹತ್ತಿರ ಸೇರಿಸುವುದಿಲ್ಲ, ಒಬ್ಬಳು ಬರುತ್ತಾಳೆ, ಅವನು ಗದರುತ್ತಾನೆ, ಅವಳು ಹೋಗುವುದಿಲ್ಲ, ಮದುವೆ.

"ಹನ್ನೊಂದನ್ನೂ ಓದಿದಿರಾ?" ಎಂದರು ಮೇಷ್ಟ್ರು.

"ಒಂದನ್ನು ಓದಿದೆ. ಉಳಿದ ಹತ್ತನ್ನು ನೆನಪಿಸಿಕೊಂಡೆ."

ನಾನು ಒಂದೊಂದರ ಕೊನೆಯ ಪುಟ ತಿರುವಿದೆ. ಬಾಡಿಗೆ ಪುಸ್ತಕದ ಗಟ್ಟಿ ಓದುಗರು, ಓದಿದ್ದನ್ನೇ ಮತ್ತೆ ಒಯ್ಯದಿರಲೆಂದು, ಕೊನೆಯ ಪುಟದ ಮೂಲೆಯಲ್ಲಿ ಒಂದು ಗುಟ್ಟಿನ ಗುರುತು ಹಾಕಿರುತ್ತಾರೆ. ಒಂದು ನಕ್ಷತ್ರ, ಒಂದು ತ್ರಿಶೂಲ, ಎರಡು ಇನಿಷಿಯಲ್ಲು. ಇವುಗಳಲ್ಲಿ ಹೆಚ್ಚಿನವಕ್ಕೆ ಪೆನ್ಸಿಲಿನಲ್ಲಿ ಬರೆದ ಒಂದು ಅರ್ಧಚಂದ್ರ, ಅದರ ಮೈಮೇಲೆ ಸಾಲಾಗಿ ಚುಕ್ಕಿ. ಯಾರದು ಎಂದು ಕೇಳಿದೆ. ಸರೋಜಕ್ಕ ತುಟಿ ಬಿಗಿದುಕೊಂಡರು. ವೈದ್ಯರಿಗೆ ರೋಗಿ ಹೇಗೋ ತಮಗೆ ಓದುಗರು ಹಾಗಂತೆ.

"ಅದು ಗುರುತಲ್ಲ, ಸಲಹೆ," ಎಂದರು ಮೇಷ್ಟ್ರು. "ಇಷ್ಟು ಗದರುವ ನಾಯಕನಿಗೆ ಅರ್ಧಚಂದ್ರ ಪ್ರಯೋಗ ಮಾಡಿ ಎಂದು ಯಾರೋ ಅನುಭವಸ್ಥರು ಬರೆದಿದ್ದಾರೆ."

ಅಷ್ಟರಲ್ಲಿ ಹವಾಲ್ದಾರರು ಒಂದು ಪುಸ್ತಕವನ್ನು ತೋಳಿನಷ್ಟು ದೂರ ಹಿಡಿದು ಮುಖಪುಟವನ್ನು ತಪಾಸಣೆ ಮಾಡುತ್ತಿದ್ದರು. ಕೋಟೆಯಂಥ ಮನೆ, ಹಿಂದೆ ಮಿಂಚು, ಮುಂದೆ ಎದೆ ತೆರೆದು ನಿಂತ ಆರಡಿ ಆಳು.

"ಗುಂಡು ತಗುಲಿದ್ದು ತೊಡೆಗೆ ಎಂದು ಬೆನ್ನುಡಿಯಲ್ಲಿದೆ. ಅಂಗಿಯ ಗುಂಡಿಗಳೇಕೆ ಹಾರಿಹೋಗಿವೆ?"

"ಗುಂಡು ಎಲ್ಲಿಗೇ ತಗುಲಿದರೂ ಹಾರುವುದು ಗುಂಡಿ. ಪ್ರಕಾಶಕರ ಕಟ್ಟುನಿಟ್ಟು," ಎಂದರು ಸರೋಜಕ್ಕ.

ಹವಾಲ್ದಾರರು ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದವರು, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾರೆ. ಯಾವ ಯುದ್ಧ ಎಂದು ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಬೀದಿಯ ಹುಡುಗರು ಮಾತ್ರ ತಮಗೆ ಇಷ್ಟವಾದ ಯುದ್ಧವನ್ನು ಅವರ ಹೆಸರಿಗೆ ಬರೆದುಕೊಟ್ಟಿದ್ದರು. ನಮ್ಮ ಗುಂಪಿನ ಐದನೆಯವರು ಸಿಸ್ಟರ್. ಮೂವತ್ತು ವರ್ಷ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಗಾಯದ ವಿಷಯದಲ್ಲಿ ಅವರೆದುರು ಕವಿಗಳು ಬಾಯಿ ಬಿಡಬಾರದು.

"ಈ ಲೇಖಕಿಯರಿಗೆ ಗಾಯ ಎಲ್ಲಿ ಮಾಡಬೇಕೆಂಬುದು ಚೆನ್ನಾಗಿ ಗೊತ್ತು," ಎಂದು ಸಿಸ್ಟರ್ ಶುರುಮಾಡಿದರು. "ಕೆನ್ನೆಯ ಮೇಲೆ ಕತ್ತಿಯ ಗೀರು, ಆದರೆ ಕಣ್ಣು ಉಳಿದಿರಬೇಕು, ಅವಳನ್ನು ನೋಡಬೇಕಲ್ಲ. ಭುಜಕ್ಕೆ ಗುಂಡು, ಆದರೆ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಲು ತೊಂದರೆಯಿಲ್ಲ. ಕುಂಟುವುದು ಮಳೆ ಬಂದಾಗ, ಅದೂ ಅವಳು ಕಿಟಕಿಯಲ್ಲಿ ನಿಂತಿದ್ದರೆ. ಮೂಗು ಹೋದವನುಂಟೇ? ಮುಂದಿನ ನಾಲ್ಕು ಹಲ್ಲು ಉದುರಿಸಿಕೊಂಡವನುಂಟೇ? ಭೇದಿ ಹಿಡಿದು ಮರಳಿದವನನ್ನಂತೂ ಯಾರೂ ಮುಖಪುಟಕ್ಕೆ ಹಾಕುವುದಿಲ್ಲ."

ಸಿಸ್ಟರ್ ಹೇಳಿದ್ದರಲ್ಲಿ ತಪ್ಪಿರಲಿಲ್ಲ. 1850ರ ದಶಕದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗುಂಡಿಗಿಂತ ಹೆಚ್ಚಾಗಿ ಕಾಯಿಲೆಗೇ ಸತ್ತರು. ಆದರೆ ಕಾಲರಾದಿಂದ ಚೇತರಿಸಿಕೊಂಡ ಕ್ಯಾಪ್ಟನ್ನಿನ ಎದೆಗೆ ತಲೆಯಿಟ್ಟ ನಾಯಕಿಯನ್ನು ನಾನು ಇದುವರೆಗೆ ಕಂಡಿಲ್ಲ.

"ಷರ್ಲಾಕ್ ಹೋಮ್ಸನ ವಾಟ್ಸನ್ ಇದ್ದಾನಲ್ಲ," ಎಂದರು ಮೇಷ್ಟ್ರು. "ಅವನೂ ಈ ಜಾತಿಯವನೇ. 1880ರಲ್ಲಿ ಅಫ್ಘಾನಿಸ್ತಾನದ ಮೈವಂದ್‌ನಲ್ಲಿ ಗುಂಡೇಟು ತಿಂದು ಲಂಡನ್ನಿಗೆ ಮರಳಿದವನು. ಮೊದಲ ಕಥೆಯಲ್ಲಿ ಗುಂಡು ಭುಜಕ್ಕೆ. ಎರಡನೆಯದರಲ್ಲಿ ನೋಯುವುದು ಕಾಲು! ಆ ಎರಡನೆಯ ಕಥೆಯಲ್ಲೇ ಅವನಿಗೆ ಹುಡುಗಿ ಸಿಗುವುದು."

"ಪ್ರೇಮದಲ್ಲಿ ಬಿದ್ದವನ ಗಾಯ ಸ್ಥಿರವಾಗಿರುವುದಿಲ್ಲ," ಎಂದರು ಸರೋಜಕ್ಕ.

"ಲೇಖಕ ಸ್ವತಃ ಡಾಕ್ಟರು. ಆದರೂ ಹೀಗೆ."

"ಡಾಕ್ಟರೇ ಆದದ್ದರಿಂದ ಹೀಗೆ," ಎಂದರು ಸಿಸ್ಟರ್. "ಬಲಗಾಲಿನ ಎಕ್ಸ್‌ರೇ ಬರೆದುಕೊಟ್ಟು ಎಡಗಾಲು ಒತ್ತಿ ನೋಡಿದವರನ್ನು ಕಂಡಿದ್ದೇನೆ."

ಹನ್ನೊಂದರಲ್ಲಿ ಏಳು ಪುಸ್ತಕಗಳ ನಾಯಕರು ಗಾಯಗೊಂಡದ್ದು ನೆಪೋಲಿಯನ್ ಸೋತ ವಾಟರ್‌ಲೂ ಕದನದಲ್ಲಿ. 1815ರ ಜೂನ್ 18, ಭಾನುವಾರ, ಒಂದೇ ದಿನದ ಯುದ್ಧ. ಏಳರಲ್ಲಿ ಐವರು ಡ್ಯೂಕುಗಳು, ಸರದಾರರಲ್ಲೇ ಅತಿ ದೊಡ್ಡ ಪದವಿಯವರು. ಆ ಕಾಲದ ಇಡೀ ಬ್ರಿಟನ್ನಿನಲ್ಲಿ, ರಾಜಮನೆತನವನ್ನು ಬಿಟ್ಟರೆ, ಡ್ಯೂಕುಗಳ ಸಂಖ್ಯೆ ಮೂವತ್ತನ್ನು ಮುಟ್ಟುತ್ತಿರಲಿಲ್ಲ, ಅವರಲ್ಲೂ ಎಷ್ಟೋ ಜನ ಮೊಮ್ಮಕ್ಕಳನ್ನು ಕಂಡವರು. ಸರೋಜಕ್ಕನ ಒಂದು ಕಪಾಟಿನಲ್ಲೇ ಅದಕ್ಕಿಂತ ಹೆಚ್ಚು ಡ್ಯೂಕುಗಳಿದ್ದಾರೆ, ಎಲ್ಲರೂ ಮೂವತ್ತೆರಡರ ಹರೆಯದವರು, ಎಲ್ಲರಿಗೂ ಒಳ್ಳೆಯ ಕೂದಲು.

ಪ್ರೇಮಕಥೆ ಮುಗಿಸಿದ ಮೇಲೆ ಅದರ ಚರಿತ್ರೆಯನ್ನು ಹುಡುಕಿ ಓದುವುದು ಸರೋಜಕ್ಕನ ಚಟ. ಹಾಗಾಗಿ ವಾಟರ್‌ಲೂ ಹೆಸರೆತ್ತಿದರೆ ಅವರು ಗೋಂದಿನ ಕುಂಚ ಕೆಳಗಿಡುತ್ತಾರೆ.

"ನಿಜವಾದ ಗಾಯಾಳುಗಳ ಕಥೆ ಕೇಳಿ. ಅಶ್ವದಳದ ದಂಡನಾಯಕ ಲಾರ್ಡ್ ಅಕ್ಸ್‌ಬ್ರಿಜ್. ಕದನ ಇನ್ನೇನು ಮುಗಿಯಬೇಕು, ಫಿರಂಗಿಯ ಏಟು ಬಲಗಾಲಿಗೆ ಬಿತ್ತು. ಅರಿವಳಿಕೆ ಇನ್ನೂ ಹುಟ್ಟಿರದ ಕಾಲ. ಕತ್ತರಿಸುವಾಗ ಆಸಾಮಿ ಹೇಳಿದ್ದು, ಚಾಕು ಸ್ವಲ್ಪ ಮೊಂಡಾಗಿರುವಂತಿದೆ ಎಂದು. ಆಮೇಲೆ, ನಲವತ್ತೇಳು ವರ್ಷ ನಾನೇ ಚೆಲುವನಾಗಿ ಮೆರೆದೆ, ಇನ್ನೂ ಹುಡುಗರ ದಾರಿಗೆ ಅಡ್ಡ ನಿಲ್ಲುವುದು ನ್ಯಾಯವಲ್ಲ ಎಂದನಂತೆ."

"ನಾಯಕನೆಂದರೆ ಇವನು! ಯಾರನ್ನು ಮದುವೆಯಾದ?"

"ಆಗಲೇ ಎರಡು ಸಲ ಆಗಿತ್ತು. ಎರಡನೆಯವಳು ಯಾರು ಗೊತ್ತೇ? ವಾಟರ್‌ಲೂ ಕದನದ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್ನನ ತಮ್ಮನ ಹೆಂಡತಿ. 1809ರಲ್ಲಿ ಹಾರಿಸಿಕೊಂಡು ಹೋದದ್ದು. ಆರು ವರ್ಷದ ಮೇಲೆ ಅದೇ ವೆಲಿಂಗ್ಟನ್ನನ ಪಕ್ಕದಲ್ಲಿ ಕುದುರೆ ನಿಲ್ಲಿಸಿಕೊಂಡು ಯುದ್ಧ ಮಾಡಿದ. ಎರಡೂ ಮನೆಯಿಂದ ಮಕ್ಕಳು ಹದಿನೆಂಟು. ಯಾವ ಮನೆಯಲ್ಲಿ ಕಾಲು ಕತ್ತರಿಸಿದರೋ ಆ ಮನೆಯವನು ಅದನ್ನು ತನ್ನ ತೋಟದಲ್ಲಿ ಹೂಳಿ, ಮೇಲೊಂದು ಕಲ್ಲು ನಿಲ್ಲಿಸಿ, ನೋಡಲು ಬಂದ ಪ್ರವಾಸಿಗರಿಂದ ದುಡ್ಡು ಮಾಡಿಕೊಂಡ."

"ಕಾಲಿಗೇ ವೀರಗಲ್ಲು!" ಎಂದು ಮೇಷ್ಟ್ರು ಚುರುಮುರಿ ನಿಲ್ಲಿಸಿದರು.

"ಅಲ್ಲೇ ಇನ್ನೊಬ್ಬ, ಮುಂದೆ ಲಾರ್ಡ್ ರ‍್ಯಾಗ್ಲನ್ ಎನಿಸಿಕೊಂಡವನು. ಬಲತೋಳು ಕತ್ತರಿಸಿ ಒಯ್ಯುತ್ತಿದ್ದರೆ ಕೂಗಿ ಕರೆದನಂತೆ: ಏಯ್, ತೋಳು ತನ್ನಿ ಇಲ್ಲಿ, ಬೆರಳಿನಲ್ಲಿ ನನ್ನ ಹೆಂಡತಿ ಕೊಟ್ಟ ಉಂಗುರವಿದೆ!"

ನಾವೆಲ್ಲ ಒಂದು ಗಳಿಗೆ ಸುಮ್ಮನಾದೆವು. ಹನ್ನೊಂದು ಕಾದಂಬರಿಗಳ ಪ್ರೇಮವನ್ನೆಲ್ಲ ಸೋಸಿ ಹಿಂಡಿದರೂ ಇಷ್ಟು ರಸ ಬರಲಾರದು. ಆಮೇಲೆ ಸಿಸ್ಟರ್, ಅವನು ಕೊನೆಗೆ ಏನಾದ ಎಂದು ಕೇಳಿದರು.

"1855ರಲ್ಲಿ ಕ್ರಿಮಿಯಾದಲ್ಲಿ ತೀರಿಕೊಂಡ. ಭೇದಿ."

"ನಾನು ಹೇಳಲಿಲ್ಲವೇ?" ಎಂದರು ಸಿಸ್ಟರ್.

ವೆಲಿಂಗ್ಟನ್ನನ ಮಾತು ಬಂದಮೇಲೆ ಮೈಸೂರಿನವರು ಸುಮ್ಮನಿರುತ್ತಾರೆಯೇ? ಅವನು ನಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ 1799ರ ಯುದ್ಧದ ನಂತರ ಅಧಿಕಾರ ನಡೆಸಿದವನು. ಭಾರತಕ್ಕೆ ಹೊರಡುವ ಮೊದಲು ತನ್ನ ಊರಿನಲ್ಲಿ ಒಬ್ಬ ಹುಡುಗಿಯನ್ನು ಕೇಳಿದ್ದ, ಅವಳ ಮನೆಯವರು ಇವನ ಜೇಬು ನೋಡಿ ಬೇಡವೆಂದಿದ್ದರು. 1805ರಲ್ಲಿ ಕೀರ್ತಿ, ಹಣ ಎರಡನ್ನೂ ಕಟ್ಟಿಕೊಂಡು ಮರಳಿದ. ಹನ್ನೆರಡು ವರ್ಷದಿಂದ ಅವಳ ಮುಖವನ್ನೇ ನೋಡಿರದೆ ಪತ್ರದಲ್ಲೇ ಒಪ್ಪಿಗೆ ಪಡೆದು ಮುಂದಿನ ವರ್ಷ ಮದುವೆಯಾದ. ಕಾದಂಬರಿಯಾಗಿದ್ದರೆ ಇಲ್ಲಿಗೆ ಶುಭಂ. ಆದರೆ ಇಬ್ಬರಿಗೂ ಜೀವನಪೂರ್ತಿ ಸರಿಹೋಗಲಿಲ್ಲ.

"ಅವನಿಗೆ ಹೇಳಿಕೊಳ್ಳುವಂಥ ಗಾಯವಾಗಿರಲಿಲ್ಲವಲ್ಲ, ಅದಕ್ಕೇ," ಎಂದರು ಸರೋಜಕ್ಕ. "ಶ್ರೀರಂಗಪಟ್ಟಣದವರು ಒಂದು ಕೆನ್ನೆಯ ಗೀರನ್ನಾದರೂ ಕೊಟ್ಟು ಕಳಿಸಬೇಕಿತ್ತು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅಂದರೆ ಮಹಾಭಾರತ ಬರುತ್ತದೆ.

"ನನಗೆ ಅರ್ಥವಾಗದ್ದು ಒಂದೇ. ಈ ಲೇಖಕಿಯರಿಗೆ ಬೇಕಾದ ನಾಯಕ ನಮ್ಮಲ್ಲಿ ತಯಾರಾಗಿಯೇ ಇದ್ದನಲ್ಲ, ಭೀಷ್ಮ! ರಾಜವಂಶ, ಬ್ರಹ್ಮಚಾರಿ, ಹಳೆಯ ಪ್ರಕರಣದ ಹೆಣ್ಣೊಬ್ಬಳ ಶಾಪ, ಮೈತುಂಬ ಬಾಣ, ಐವತ್ತೆಂಟು ರಾತ್ರಿ ಮಲಗಿದ್ದಲ್ಲೇ. ಒಬ್ಬಳಾದರೂ ಗಂಜಿ ಹಿಡಿದು ಬಂದಳೇ? ಬಂದದ್ದು ಧರ್ಮರಾಯ, ರಾಜನೀತಿ ಕೇಳಲು!"

"ದುರ್ಯೋಧನನಿಗೂ ಏಟು ಬಿದ್ದದ್ದು ತೊಡೆಗೇ," ಎಂದು ನಾನು ನೆನಪಿಸಿದೆ.

"ಅವನು ಮದುವೆಯಾದವನು. ಲೆಕ್ಕಕ್ಕಿಲ್ಲ. ಅಸಲು ಸಂಗತಿ ಏನೆಂದರೆ, ನಮ್ಮವರ ದರಪಟ್ಟಿಯೇ ಬೇರೆ. ಬಳ್ಳಿಗಾವೆಗೆ ಹೋಗಿ ವೀರಗಲ್ಲು ನೋಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ಎರಡೂ ಕಡೆ ಕೈ ಹಿಡಿದು ಸ್ವರ್ಗಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಶಿವಲಿಂಗದ ಮುಂದೆ ಕುಳಿತಿದ್ದಾನೆ. ಪೂರ್ತಿ ಸತ್ತರೆ ಅಪ್ಸರೆ, ಅದೂ ಒಬ್ಬಳಲ್ಲ. ಅರ್ಧ ಸತ್ತು ಮನೆಗೆ ಬಂದವನಿಗೆ ನಮ್ಮ ಶಿಲ್ಪಿ ಒಂದು ಚಪ್ಪಡಿಯನ್ನೂ ಇಟ್ಟಿಲ್ಲ. ಇಂಗ್ಲಿಷರು ಅಲ್ಲೇ ವ್ಯಾಪಾರ ಹಿಡಿದರು: ಅರ್ಧ ಸತ್ತವನಿಗೆ ನರ್ಸು."

ಎಲ್ಲರೂ ಸಿಸ್ಟರ್ ಕಡೆ ತಿರುಗಿದೆವು. ಅವರು ಸೇವಿನ ಕೊನೆಯ ಎಳೆಯನ್ನು ಹುಡುಕುತ್ತಾ ಹೇಳಿದರು:

"ಮೂವತ್ತು ವರ್ಷದಲ್ಲಿ ನಾಲ್ವರು ನನಗೆ ಪ್ರೇಮ ನಿವೇದನೆ ಮಾಡಿದರು. ನಾಲ್ವರೂ ಅರಿವಳಿಕೆಯ ಮತ್ತಿನಲ್ಲಿದ್ದರು. ಅವರಲ್ಲೊಬ್ಬ, ನಾನು ಆಚೆ ಹೋದಮೇಲೆ, ಗ್ಲೂಕೋಸ್ ಬಾಟಲಿಯ ಕಂಬಕ್ಕೂ ಅದೇ ಮಾತು ಹೇಳಿದ. ಕಾದಂಬರಿಯಲ್ಲಿ ನಾಯಕಿ ಅವನ ಹಣೆಗೆ ಒದ್ದೆ ಬಟ್ಟೆ ಇಡುತ್ತಾಳೆ, ಮುಗಿಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಯಾರು? ಅಂಟಿಕೊಂಡ ಗಾಜ್ ಬಟ್ಟೆಯನ್ನು ನೆನೆಸಿ ಬಿಡಿಸುವಾಗ ಅವನು ಬೈಯುವ ಬೈಗುಳವನ್ನು ಯಾವ ಲೇಖಕಿ ಬರೆದಿದ್ದಾಳೆ? ಬೆಡ್‌ಪ್ಯಾನ್ ಎಂಬ ಶಬ್ದ ಈ ಹನ್ನೊಂದರಲ್ಲಿ ಎಲ್ಲಾದರೂ ಇದ್ದರೆ ತೋರಿಸಿ, ನಾಳೆಯ ಚುರುಮುರಿ ನನ್ನದು."

ಸರೋಜಕ್ಕ ನಿಜವಾಗಿಯೂ ಎರಡು ಪುಸ್ತಕ ಬಿಡಿಸಿ ಹುಡುಕಿದರು. ಸಿಗಲಿಲ್ಲ.

ನರ್ಸುಗಳ ಕಡೆಯ ಸಾಕ್ಷಿಯಾಗಿ ನಾನು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೆಯ ಕಥೆ ಹೇಳಿದೆ. 1918ರಲ್ಲಿ ಇಟಲಿಯ ರಣರಂಗದಲ್ಲಿ ಕಾಲುಗಳ ತುಂಬ ಚೂರು ಹೊಕ್ಕಿಸಿಕೊಂಡು ಮಿಲಾನಿನ ಆಸ್ಪತ್ರೆ ಸೇರಿದ ಹುಡುಗ. ಹತ್ತೊಂಬತ್ತು ತುಂಬಲು ಇನ್ನೂ ಕೆಲವು ದಿನ ಬಾಕಿ. ನರ್ಸ್ ಅಗ್ನೆಸ್ ಅವನಿಗಿಂತ ಏಳು ವರ್ಷ ದೊಡ್ಡವಳು. ಮದುವೆಯೇ ಆಯಿತೆಂದುಕೊಂಡು ಇವನು ಅಮೆರಿಕಕ್ಕೆ ಮರಳಿದ. ಮುಂದಿನ ಮಾರ್ಚಿನಲ್ಲಿ ಪತ್ರ ಬಂತು: ನೀನಿನ್ನೂ ಹುಡುಗ, ನಾನು ಬೇರೊಬ್ಬ ಅಧಿಕಾರಿಯನ್ನು ಮದುವೆಯಾಗುತ್ತಿದ್ದೇನೆ. ಹತ್ತು ವರ್ಷದ ಮೇಲೆ, 1929ರಲ್ಲಿ, ಅವನು ಬರೆದ ಕಾದಂಬರಿಯಲ್ಲಿ ಗಾಯಾಳು ಮತ್ತು ನರ್ಸ್ ಪ್ರೀತಿಸುತ್ತಾರೆ, ಕೊನೆಯಲ್ಲಿ ನರ್ಸ್ ಹೆರಿಗೆಯಲ್ಲಿ ಸಾಯುತ್ತಾಳೆ.

"ಕೈಕೊಟ್ಟವಳನ್ನು ಮೆಲ್ಲಗೆ ಮುಗಿಸಿಬಿಟ್ಟ," ಎಂದರು ಮೇಷ್ಟ್ರು.

"ಬುದ್ಧಿವಂತೆ, ಆ ಅಗ್ನೆಸ್," ಎಂದರು ಸಿಸ್ಟರ್. ಆಮೇಲೆ ಅವರಿಗೇ ಮನಸ್ಸು ತಡೆಯಲಿಲ್ಲ. "ಇಲ್ಲವೆಂದಲ್ಲ, ಚೆನ್ನಾಗಿ ಮುಗಿದ ಕಥೆಗಳೂ ಇವೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದೊಳಗೆ ಸುಟ್ಟುಹೋದ ಹುಡುಗರಿಗೆ ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್‌ನಲ್ಲಿ ಮ್ಯಾಕಿಂಡೋ ಎಂಬ ಸರ್ಜನ್ ಮುಖ ಕಟ್ಟಿಕೊಟ್ಟರು. ವಾರ್ಡಿನಲ್ಲೇ ಬಿಯರಿನ ಪೀಪಾಯಿ! ಊರಿನವರಿಗೆ, ಇವರನ್ನು ಮನೆಗೆ ಕರೆಯಿರಿ, ದುರುಗುಟ್ಟಿ ನೋಡಬೇಡಿ ಎಂದು ಕಲಿಸಿದರು. ರೋಗಿಗಳು 1941ರಲ್ಲಿ ಗಿನಿಪಿಗ್ ಕ್ಲಬ್ ಕಟ್ಟಿಕೊಂಡರು. ಖಜಾಂಚಿಯಾಗಿ ಆರಿಸಿದ್ದು ಕಾಲು ಸುಟ್ಟವನನ್ನು, ದುಡ್ಡು ತೆಗೆದುಕೊಂಡು ಓಡಲಾರ ಎಂದು. ಕಾರ್ಯದರ್ಶಿ ಬೆರಳು ಸುಟ್ಟವನು, ಉದ್ದುದ್ದ ವರದಿ ಬರೆಯಲಾರ ಎಂದು. ಅವರಲ್ಲಿ ನರ್ಸುಗಳನ್ನೇ ಮದುವೆಯಾದವರೂ ಇದ್ದರು. ಇಷ್ಟು ನಗುವ ಗಂಡಸಾದರೆ ನಾನೂ ಯೋಚಿಸುತ್ತಿದ್ದೆ."

"ಈ ಕ್ಲಬ್ಬಿನ ಕಾರ್ಯದರ್ಶಿಯ ಪದ್ಧತಿಯನ್ನು ನಮ್ಮ ಕನ್ನಡ ಸಂಘಕ್ಕೆ ತರಬೇಕು," ಎಂದರು ಮೇಷ್ಟ್ರು, ಕಳೆದ ವಾರದ ಮಹಾಸಭೆಯ ನೆನಪಿನಿಂದ.

ಇಷ್ಟು ಹೊತ್ತೂ ಹವಾಲ್ದಾರರು ಮಾತಾಡಿರಲಿಲ್ಲ. ಅದೇ ಮುಖಪುಟವನ್ನು ನೋಡುತ್ತಿದ್ದರು. ಸರೋಜಕ್ಕ ಮೆಲ್ಲಗೆ, "ನಿಮ್ಮ ಕಾಲು..." ಎಂದರು. ಎಂಟು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ಹೊರಗೆ ಮಳೆಯೂ ಸ್ವಲ್ಪ ತಗ್ಗಿತು.

"ಹೇಸರಗತ್ತೆ," ಎಂದರು ಹವಾಲ್ದಾರರು.

"ಏನು?"

"ಹೇಸರಗತ್ತೆ ಒದ್ದದ್ದು. ನಾನು ಸಾಮಾನು ಸಾಗಿಸುವ ದಳದಲ್ಲಿದ್ದೆ. ಬೆಟ್ಟದ ಮೇಲಿನ ಠಾಣೆಗಳಿಗೆ ಹಿಟ್ಟು, ಸೀಮೆಎಣ್ಣೆ ಎಲ್ಲ ಹೋಗುತ್ತಿದ್ದದ್ದು ಅವುಗಳ ಬೆನ್ನ ಮೇಲೆ. ಒಂದು ಬೆಳಿಗ್ಗೆ ಹೊರೆ ಬಿಗಿಯುತ್ತಿದ್ದೆ, ಅದಕ್ಕೆ ಸರಿಬರಲಿಲ್ಲ. ಮಂಡಿಚಿಪ್ಪು ಎರಡು ಹೋಳು. ಪ್ರತಿಯೊಂದರ ಗೊರಸಿನ ಮೇಲೂ ನಂಬರು ಇರುತ್ತದೆ. ಒದ್ದದ್ದರ ನಂಬರು ಇವತ್ತಿಗೂ ನೆನಪಿದೆ, ಹೆಂಡತಿಯ ಮೊಬೈಲ್ ನಂಬರು ನೆನಪಿಲ್ಲ."

"ಆಮೇಲೆ?"

"ಮೂರು ತಿಂಗಳು ಮಿಲಿಟರಿ ಆಸ್ಪತ್ರೆ. ಊರಿಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಿಡಿದು ನಿಂತಿದ್ದರು. ಕತ್ತೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಇವಳೊಬ್ಬಳಿಗೆ ಗೊತ್ತು. ಮದುವೆಯಾಗಿ ಐದು ತಿಂಗಳಾಗಿತ್ತು ಆಗ. ನಾನೂ ಇವನ ಹಾಗೆಯೇ," ಎಂದು ಮುಖಪುಟವನ್ನು ಬೆರಳಿನಿಂದ ತಟ್ಟಿದರು, "ಯಾರೂ ಹತ್ತಿರ ಬರಬೇಡಿ ಎಂದು ಗದರಿದ್ದೆ. ಕತ್ತೆಯಿಂದ ಒದೆಸಿಕೊಂಡು ಬಂದವನಿಗೆ ಇಷ್ಟು ಸೊಕ್ಕೇ ಎಂದು ಕೇಳಿದಳು."

ಮೇಷ್ಟ್ರು ನಗು ತಡೆಯಲು ಹೋಗಿ ಕಡಲೆಬೀಜ ನೆತ್ತಿಗೆ ಹತ್ತಿಸಿಕೊಂಡರು. ಸಿಸ್ಟರ್ ಅವರ ಬೆನ್ನಿಗೆ ಗುದ್ದುತ್ತಿರುವಾಗಲೇ ಬಾಗಿಲಿನಲ್ಲಿ ಕೊಡೆಯೊಂದು ಮಡಚಿಕೊಂಡಿತು. ಹವಾಲ್ದಾರರ ಮನೆಯವರು.

"ಎಣ್ಣೆ ಬಿಸಿಮಾಡಿಟ್ಟು ಅರ್ಧ ಗಂಟೆಯಾಯಿತು. ಆರಿದ ಮೇಲೆ ತಿಕ್ಕಿದರೆ ರಾತ್ರಿಯಿಡೀ ನನ್ನ ನಿದ್ದೆ ಹಾಳು," ಎಂದರು ಗಂಡನಿಗೆ. ಆಮೇಲೆ ಮೇಜಿನ ಮೇಲಿನ ರಾಶಿ ಕಂಡಿತು. "ಇವನಿಗೇನಾಗಿದೆ?"

"ತೊಡೆಗೆ ಗುಂಡು," ಎಂದರು ಸರೋಜಕ್ಕ.

"ಎಣ್ಣೆ ತಿಕ್ಕುವವರು ಯಾರು?"

ಸರೋಜಕ್ಕ ಪುಟ ತಿರುವಿದರು. "ಮನೆಯಲ್ಲಿ ಇಪ್ಪತ್ತೆಂಟು ಆಳುಗಳಿದ್ದಾರೆ."

"ಪುಣ್ಯವಂತೆ."

ಹವಾಲ್ದಾರರು ಹೊರಗೆ ಜಗಲಿಯಲ್ಲಿ ಚಪ್ಪಲಿ ಹುಡುಕಲು ಹೋದರು. ಅವರ ಮನೆಯವರು ರಾಶಿಯ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ, ಹೆಸರು ಕೂಡ ನೋಡದೆ ನೇರ ಕೊನೆಯ ಪುಟಕ್ಕೆ ಹೋಗಿ, ಮೂಲೆ ನೋಡಿ, "ಆಯಿತು... ಇದೂ ಆಯಿತು..." ಎಂದು ಪಕ್ಕಕ್ಕಿಡತೊಡಗಿದರು. ನಾನು ಬಗ್ಗಿ ನೋಡಿದೆ. ನಾವು ಅರ್ಧಚಂದ್ರ ಎಂದುಕೊಂಡದ್ದು ಚಂದ್ರನಾಗಿರಲಿಲ್ಲ. ಲಾಳ. ಚುಕ್ಕಿಗಳು ಮೊಳೆಯ ತೂತುಗಳು.

ಒಂಬತ್ತನೆಯದಕ್ಕೆ ಗುರುತಿರಲಿಲ್ಲ. ಅದನ್ನು ಸೆರಗಿನೊಳಗೆ ಸೇರಿಸಿಕೊಂಡು ಕೊಡೆ ಬಿಡಿಸಿದರು.

"ಬಾಡಿಗೆಯನ್ನು ಇವರ ಲೆಕ್ಕಕ್ಕೆ ಬರೆದುಕೊಳ್ಳಿ, ಸರೋಜಕ್ಕ. ಚುರುಮುರಿ ಎಂದು ಬರೆಯಿರಿ."