ಭಾನುವಾರದ ಪ್ರಶ್ನೋತ್ತರ: ಬಂಡೆಯ ವಯಸ್ಸು, ಭೂಕಂಪ, ಮನೆ ಹಿಂದಿನ ಬಿರುಕು

ಅಡ್ಮಿನ್: ಈ ವಾರ ಭೂವಿಜ್ಞಾನಿ ಮೇಡಂ ಸಿಕ್ಕಿದ್ದಾರೆ. ಊರು ಸಾಗರದ ಕಡೆ, ಕೆಲಸ ಹಿಮಾಚಲ, ಉತ್ತರಾಖಂಡದ ಕಡೆ. ಟ್ಯಾಬ್ ಹಿಡಿದು ಬಂಡೆಗಳ ನಕ್ಷೆ ಮಾಡುತ್ತಾರೆ, ಮಾದರಿ ತಂದು ವಯಸ್ಸು ಅಳೆಯುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಬೋರ್‌ವೆಲ್ ಪಾಯಿಂಟ್ ಕೇಳಬೇಡಿ.

ಶಿವಮೊಗ್ಗ ವಿದ್ಯಾರ್ಥಿನಿ: ಮೇಡಂ, ಒಂದು ಜಾಗದ ಬಂಡೆಯ ವಯಸ್ಸು ಗೊತ್ತಾದರೆ ಅಲ್ಲಿ ಭೂಕಂಪ ಯಾವಾಗ ಆಗಿತ್ತು ಅಂತ ಹೇಳಬಹುದಾ?

ಮೇಡಂ: ಹೇಳಲಾಗದು. ಬಂಡೆ ಹುಟ್ಟಿದ ಕಾಲ ಬೇರೆ, ಅದು ಸೀಳಿದ ಕಾಲ ಬೇರೆ. ನಮ್ಮ ಕಡೆಯ ನೈಸ್ ಅನ್ನುವ ಪಟ್ಟೆ ಪಟ್ಟೆಯ ಬಂಡೆಗಳಲ್ಲಿ ಬಹಳಷ್ಟು 300 ಕೋಟಿ ವರ್ಷದ ಆಸುಪಾಸಿನವು. ಆ ಲೆಕ್ಕ ಸಿಗುವುದು ಜಿರ್ಕಾನ್ ಅನ್ನುವ ಪುಟ್ಟ ಹರಳಿನಿಂದ. ಹರಳು ಕಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಯುರೇನಿಯಂ 238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎರಡೂ ಎಷ್ಟೆಷ್ಟಿವೆ ಅಂತ ಅಳೆದರೆ ವಯಸ್ಸು ಬರುತ್ತದೆ. ಆದರೆ ಅದೇ ಬಂಡೆ ಕಳೆದ ವರ್ಷವೂ ಸೀಳಿರಬಹುದು, ಜಿರ್ಕಾನ್‌ಗೆ ಅದರ ಸುದ್ದಿಯೇ ಇರುವುದಿಲ್ಲ.

ಅದಕ್ಕೇ ಹಿಮಾಲಯದ ಬುಡದಲ್ಲಿ ನಾವು ಮಣ್ಣನ್ನು ಓದುತ್ತೇವೆ. ಫಾಲ್ಟ್, ಅಂದರೆ ನೆಲ ಸೀಳಿ ಸರಿಯುವ ಗೆರೆ, ಹಾದುಹೋಗುವ ಕಡೆ ಅಡ್ಡಲಾಗಿ ಆಳದ ಚರಂಡಿ ತೋಡಿ, ಗೋಡೆ ಕೆರೆದು ಚೊಕ್ಕ ಮಾಡಿದರೆ ಪದರಗಳು ಕಾಣುತ್ತವೆ. ಕೆಳಗಿನ ಪದರ ತುಂಡಾಗಿ ಮೇಲೆ ಕೆಳಗೆ ಸರಿದಿದೆ, ಅದರ ಮೇಲಿನದು ಏನೂ ಆಗದೆ ಹಾಸಿಕೊಂಡಿದೆ ಅಂದರೆ ಕಂಪನ ಆಗಿದ್ದು ಆ ಎರಡರ ನಡುವಿನ ಕಾಲದಲ್ಲಿ. ಪದರದಲ್ಲಿ ಇದ್ದಿಲ ಚೂರು ಸಿಕ್ಕರೆ ಕಾರ್ಬನ್ ಡೇಟಿಂಗ್ ಲೆಕ್ಕ. ಬರೀ ಮರಳಿದ್ದರೆ ಅದು ಕೊನೆಯದಾಗಿ ಬೆಳಕು ಕಂಡಿದ್ದು ಯಾವಾಗ ಅಂತ ಅಳೆಯುವ ವಿಧಾನ ಇದೆ. ಇದಕ್ಕೆ ಸ್ಟೀಲ್ ಪೈಪನ್ನು ಗೋಡೆಗೆ ಹೊಡೆದು ಇಳಿಸಿ, ಹೊರಗೆ ತೆಗೆದ ಕೂಡಲೇ ಎರಡೂ ಬಾಯಿ ಬಿಗಿದು ಕಪ್ಪು ಪ್ಲಾಸ್ಟಿಕ್ ಸುತ್ತಬೇಕು. ಬಿಸಿಲು ಬಿತ್ತೋ, ಸಾವಿರಾರು ವರ್ಷದ ಲೆಕ್ಕ ಅಳಿಸಿಹೋಗುತ್ತದೆ.

ಭದ್ರಾವತಿಯವರು: ನಮ್ಮ ಗದ್ದೆಯ ಬಂಡೆಗೆ ಕಾರ್ಬನ್ ಡೇಟಿಂಗ್ ಮಾಡಿಸಬಹುದಾ?

ಮೇಡಂ: ಆಗುವುದಿಲ್ಲ. ಒಂದು ಕಾಲಕ್ಕೆ ಜೀವ ಇದ್ದ ವಸ್ತುವಿಗೆ ಮಾತ್ರ, ಅದೂ ಸುಮಾರು 50 ಸಾವಿರ ವರ್ಷದ ಒಳಗೆ.

ತರೀಕೆರೆ ಹುಡುಗ: ಮೇಡಂ, ಫೋನಿನ ಆ್ಯಪ್‌ನಲ್ಲಿ ಬಂಡೆಯ ಇಳಿಜಾರು, ದಿಕ್ಕು ಅಳೆಯುತ್ತಿದ್ದೇನೆ. ಕೆಮ್ಮಣ್ಣುಗುಂಡಿಯಲ್ಲಿ ಒಂದೇ ಬಂಡೆಗೆ ಮೂರು ಸಲ ಮೂರು ದಿಕ್ಕು ತೋರಿಸಿತು. ಫೋನ್ ಹಾಳಾಗಿದೆಯಾ?

ಮೇಡಂ: ಫೋನ್ ಸರಿ ಇದೆ, ಜಾಗ ಹಾಗಿದೆ. ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದ ಗುಡ್ಡ ಅದು. ಬಂಡೆಯಲ್ಲಿ ಮ್ಯಾಗ್ನೆಟೈಟ್ ಅನ್ನುವ ಅಯಸ್ಕಾಂತದ ಗುಣದ ಅದಿರು ಇದ್ದರೆ ಫೋನಾಗಲಿ, ದುಬಾರಿ ದಿಕ್ಸೂಚಿಯಾಗಲಿ, ಎರಡೂ ದಾರಿ ತಪ್ಪುತ್ತವೆ. ಇಳಿಜಾರಿನ ಕೋನವನ್ನು ನಂಬಬಹುದು, ಅದಕ್ಕೆ ಅಯಸ್ಕಾಂತ ಬೇಕಿಲ್ಲ. ದಿಕ್ಕಿಗೆ ಮಾತ್ರ ಪದರದ ಗುಂಟ ದೂರದಲ್ಲಿ ಎರಡು ಜಿಪಿಎಸ್ ಬಿಂದು ಹಿಡಿದು ಗೆರೆ ಎಳೆಯಿರಿ. ಫೋನಿನ ಕವರ್‌ನಲ್ಲಿ ಅಯಸ್ಕಾಂತ ಇದ್ದರೆ ಬಿಚ್ಚಿಡಿ. ಬೈಕಿನ ಪಕ್ಕ ನಿಂತು ಅಳೆಯಬೇಡಿ.

ಶಿವಮೊಗ್ಗ ವಿದ್ಯಾರ್ಥಿನಿ: ಉಪಗ್ರಹ ಚಿತ್ರ ನೋಡಿ ಮನೆಯಲ್ಲೇ ನಕ್ಷೆ ಮಾಡಿದರೆ ಸಾಲದಾ? ನಮ್ಮ ಕಾಲೇಜಿನಲ್ಲಿ ಎಲ್ಲರೂ ಹಾಗೇ ಮಾಡೋದು.

ಮೇಡಂ: ಸಾಲದು. ಚಿತ್ರದಲ್ಲಿ ನೇರ ಗೆರೆ ಕಂಡಿದ್ದೆಲ್ಲ ಫಾಲ್ಟ್ ಆಗುವುದಿಲ್ಲ. ಹಳೆಯ ಗಾಡಿ ದಾರಿ ಇರಬಹುದು, ಕಾನಿನ ಅಂಚು ಇರಬಹುದು, ಬಿರುಕಿನಲ್ಲಿ ಕರಗಿದ ಕಲ್ಲು ನುಗ್ಗಿ ಗಟ್ಟಿಯಾದ ಡೈಕ್ ಇರಬಹುದು. ಭೂಕೋಶ್ ಜಾಲತಾಣದಲ್ಲಿ ಸರ್ಕಾರಿ ಭೂವೈಜ್ಞಾನಿಕ ನಕ್ಷೆ ಸಿಗುತ್ತದೆ. ಅದನ್ನು ನಕ್ಷೆ ಬಿಡಿಸುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿಕೊಂಡು, ಟ್ಯಾಬ್ ಹಿಡಿದು ಗುಡ್ಡ ಹತ್ತಿ. ಕಣ್ಣಾರೆ ಕಂಡ ಗಡಿಗೆ ಗಟ್ಟಿ ಗೆರೆ, ಊಹೆಗೆ ತುಂಡು ಗೆರೆ. ಕಂಪ್ಯೂಟರ್ ಎರಡನ್ನೂ ಅಷ್ಟೇ ಚೆಂದಕ್ಕೆ ಬಿಡಿಸಿಕೊಡುತ್ತದೆ. ಅದನ್ನು ನಂಬಿ ಮುಂದೆ ಯಾರೋ ಸೇತುವೆ ಕಟ್ಟುತ್ತಾರೆ. ದಯವಿಟ್ಟು ಈ ಒಂದು ವಿಷಯದಲ್ಲಿ ಸುಳ್ಳು ಹೇಳಬೇಡಿ.

ಹೊಸನಗರದವರು: ಕವಲೇದುರ್ಗದ ಬಂಡೆ ಎಷ್ಟು ಹಳೆಯದು ಮೇಡಂ?

ತೀರ್ಥಹಳ್ಳಿ ತೋಟದವರು: ಮೇಡಂ, ನಮಸ್ಕಾರ. ಮನೆ ಹಿಂದಿನ ಗುಡ್ಡದಲ್ಲಿ ನೆಲ ಬಿರುಕು ಬಿಟ್ಟಿದೆ. ಅಂದಾಜು 60 ಅಡಿ ಉದ್ದ, ಬಿಲ್ಲಿನ ಹಾಗೆ ಬಾಗಿದೆ. ನಾಲ್ಕು ಬೆರಳು ಅಗಲ. ಬಿರುಕಿನ ಕೆಳಗಡೆಯ ನೆಲ ತುಸು ಇಳಿದಿದೆ. ಹೋದ ಬೇಸಿಗೆಯಲ್ಲಿ ಕೊಟ್ಟಿಗೆಗೆ ಜಾಗ ಮಾಡಲು ಜೆಸಿಬಿ ತರಿಸಿ ದರೆ ಕಡಿಸಿದ್ದೆವು. ಎರಡು ದಿನದಿಂದ ಅಡುಗೆಮನೆ ಬಾಗಿಲು ಹಾಕಲು ಬರುತ್ತಿಲ್ಲ, ಅಬ್ಬಿ ನೀರು ಕೆಂಪಾಗಿದೆ. ಭೂಕಂಪದ ಬಿರುಕು ಅಂತ ಊರಲ್ಲಿ ಹೇಳುತ್ತಾರೆ. ಮನೆಯಲ್ಲಿ ಅತ್ತೆ, ಮಕ್ಕಳು ಇದ್ದಾರೆ.

ಮೇಡಂ: ಅಕ್ಕಾ, ಬೇರೆಯವರ ಪ್ರಶ್ನೆ ಕಾಯಲಿ, ನೀವು ಇದನ್ನು ಪೂರ್ತಿ ಓದಿ. ನಿಮ್ಮ ಗುಡ್ಡ ಜಾರಲು ಶುರುವಾಗಿದೆ. ಇದಕ್ಕೆ ಭೂಕಂಪ ಬೇಕಿಲ್ಲ, ಆಶ್ಲೇಷ ಮಳೆ ಸಾಕು. ಬಾಗಿದ ಬಿರುಕು, ಕೆಳಗಡೆಯ ನೆಲ ಇಳಿದದ್ದು, ಬಾಗಿಲು ಚೌಕಟ್ಟು ಓರೆಯಾದದ್ದು, ಅಬ್ಬಿಯಲ್ಲಿ ಮಣ್ಣು ಬರುವುದು, ಈ ನಾಲ್ಕೂ ಒಟ್ಟಿಗೆ ಇದ್ದರೆ ನನಗೆ ಅನುಮಾನ ಉಳಿಯುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪಗೆ ಕೊಳೆತ ಮಣ್ಣು ಕೂತಿರುತ್ತದೆ, ನಡುವೆ ನುಣುಪು ಜೇಡಿ. ಮಳೆ ನೀರು ಇಳಿದು ಬಂಡೆಯ ಮೇಲೆ ನಿಲ್ಲುತ್ತದೆ, ಮಣ್ಣಿನ ತೂಕ ಏರುತ್ತದೆ, ಹಿಡಿತ ಸಡಿಲುತ್ತದೆ. ಅಷ್ಟು ದಿನ ಅದನ್ನು ತಡೆದಿದ್ದ ಬುಡವನ್ನೇ ದರೆ ಕಡಿದಾಗ ತೆಗೆದಿದ್ದೀರಿ. 2018ರಲ್ಲಿ ಕೊಡಗು, 2019ರಲ್ಲಿ ನಮ್ಮ ಮಲೆನಾಡು, 2024ರ ಜುಲೈಯಲ್ಲಿ ಶಿರೂರು, ಎಲ್ಲ ಕಡೆ ಮಳೆ ಮತ್ತು ಇಳಿಜಾರಿನದೇ ಕಥೆ.

ಇವತ್ತು ರಾತ್ರಿ ಆ ಮನೆಯಲ್ಲಿ ಯಾರೂ ಮಲಗಬಾರದು. ದನಗಳೂ ಬೇಡ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಫೋನ್ ಮಾಡಿ, ಪಿಡಿಒ ಮತ್ತು ತಹಶೀಲ್ದಾರ್ ಕಚೇರಿಗೆ ತಿಳಿಸಿ. ಬೆಳಕಿರುವಾಗ, ಮಳೆ ನಿಂತಾಗ ಮಾತ್ರ, ಒಬ್ಬರು ದೂರ ನಿಂತು ನೋಡುತ್ತಿರಲಿ, ಇನ್ನೊಬ್ಬರು ಬಿರುಕಿನ ಆಚೆ ಈಚೆ ಎರಡು ಗೂಟ ಹೊಡೆದು ನಡುವಿನ ಅಂತರ ಟೇಪಿನಲ್ಲಿ ಅಳೆದು ಗಂಟೆ ಸಮೇತ ಬರೆದಿಡಲಿ. ಲೊಕೇಶನ್ ಆನ್ ಮಾಡಿ ಫೋಟೊ ತೆಗೆಯಿರಿ, ಬರುವ ಅಧಿಕಾರಿಗೆ ಅದೇ ನಕ್ಷೆ. ಮೇಲಿಂದ ಬರುವ ನೀರನ್ನು ಬಿರುಕಿಗೆ ಸೇರದಂತೆ ಪಕ್ಕಕ್ಕೆ ತಿರುಗಿಸಲು ಆದರೆ ತಿರುಗಿಸಿ, ಟಾರ್ಪಾಲು ಹೊದಿಸಿ. ಮೇಲ್ಗಡೆ ಇಂಗುಗುಂಡಿ ಇದ್ದರೆ ಅದಕ್ಕೆ ನೀರು ಹೋಗದಂತೆ ಮಾಡಿ. ಜೆಸಿಬಿ ಮತ್ತೆ ಆ ಕಡೆ ಸುಳಿಯಬಾರದು.

ಸಾಗರದ ಮೇಷ್ಟ್ರು: ಇದಕ್ಕೆಲ್ಲ ಲಿಂಗನಮಕ್ಕಿಯೇ ಕಾರಣ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟೆಯಲ್ಲಿ ಆದ ಭೂಕಂಪ ಇಲ್ಲೂ ಆಗುತ್ತೆ, ಬರೆದಿಟ್ಟುಕೊಳ್ಳಿ.

ಶಿವಮೊಗ್ಗ ಕ್ರಷರ್: ಮೇಷ್ಟ್ರೇ, ಡ್ಯಾಮ್ ಕಟ್ಟಿ ಅರವತ್ತು ವರ್ಷ ಆಯ್ತು. ಜನರನ್ನು ಸುಮ್ನೆ ಹೆದರಿಸಬೇಡಿ.

ಸಾಗರದ ಮೇಷ್ಟ್ರು: ನೀವು ಗುಡ್ಡ ಸಿಡಿಸಿ ಬದುಕುವವರು, ಹೀಗೇ ಹೇಳುತ್ತೀರಿ. ಹುಣಸೋಡಿನ ಕ್ವಾರಿ ಸ್ಫೋಟ ಮರೆತುಹೋಯ್ತಾ?

ಶಿವಮೊಗ್ಗ ಕ್ರಷರ್: ನಾನು ಲೈಸೆನ್ಸ್ ಇಟ್ಟುಕೊಂಡು ದುಡಿಯುವವನು. ಬಾಯಿಗೆ ಬಂದಂತೆ ಮಾತಾಡಬೇಡಿ.

ಹೊಸನಗರದವರು: ಹುಣಸೋಡಿನ ದಿನ ನಮ್ಮ ಕಡೆ ಎಲ್ಲರೂ ಭೂಕಂಪ ಅಂತಲೇ ಹೇಳಿದ್ದರು. ಸ್ಫೋಟ ಅಂತ ಹೇಗೆ ಗೊತ್ತಾಗುತ್ತೆ?

ಮೇಡಂ: ಜಗಳ ಬೇರೆ ಕಡೆ ಇಟ್ಟುಕೊಳ್ಳಿ. 1967ರ ಡಿಸೆಂಬರ್ 11ರ ಕೊಯ್ನಾ ಕಂಪನ 6.3ರಷ್ಟಿತ್ತು, ಜಲಾಶಯ ತುಂಬಿದ ಮೇಲೆ ಬಂದದ್ದು ನಿಜ. ಆದರೆ ಅಲ್ಲಿ ಮೊದಲೇ ಬಿಗಿದು ನಿಂತ ಫಾಲ್ಟ್ ಇತ್ತು, ನೀರು ಅದನ್ನು ಬಿಡಿಸಿತು. ಲಿಂಗನಮಕ್ಕಿ ಇಷ್ಟು ವರ್ಷ ತುಂಬಿ ಇಳಿದರೂ ಅಂಥ ದೊಡ್ಡ ಕಂಪನ ಬಂದಿಲ್ಲ. ಹಾಗಂತ ಹಳೆಯ ಬಂಡೆಯ ಮೇಲೆ ಇದ್ದೇವೆ ಅಂತ ನಿಶ್ಚಿಂತೆ ಬೇಡ. 1993ರಲ್ಲಿ ಭೂಕಂಪವಾದ ಮಹಾರಾಷ್ಟ್ರದ ಕಿಲ್ಲಾರಿ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಸೆಪ್ಟೆಂಬರ್ 30ರ ನಸುಕಿನಲ್ಲಿ ಕಲ್ಲು ಮಣ್ಣಿನ ಮನೆಗಳು ಮಲಗಿದ್ದವರ ಮೇಲೇ ಬಿದ್ದವು, ಸತ್ತವರು ಹತ್ತಿರ ಹತ್ತಿರ 10 ಸಾವಿರ.

2021ರ ಜನವರಿ 21ರ ಹುಣಸೋಡಿನ ಬಗ್ಗೆ: ಸ್ಫೋಟ ಆದಾಗ ನೆಲ ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ. ಭೂಕಂಪದಲ್ಲಿ ಕೆಲವು ಕಡೆ ತಳ್ಳು, ಕೆಲವು ಕಡೆ ಸೆಳೆತ. ಹಲವು ಕೇಂದ್ರಗಳ ದಾಖಲೆ ಒಟ್ಟಿಗೆ ಇಟ್ಟರೆ ತಿಳಿಯುತ್ತದೆ.

ಕೊಪ್ಪದವರು: ಫಾರ್ವರ್ಡ್ ಬಂದಿದೆ ನೋಡಿ. “48 ಗಂಟೆಯಲ್ಲಿ ದಕ್ಷಿಣ ಭಾರತಕ್ಕೆ ಮಹಾ ಭೂಕಂಪ, ನಾಸಾ ಎಚ್ಚರಿಕೆ, ರಾತ್ರಿ ಫೋನ್ ಆಫ್ ಮಾಡಿ.” ನಿಜನಾ?

ಮೇಡಂ: ಸುಳ್ಳು. ದಿನ, ಗಂಟೆ ಹೇಳಿ ಭೂಕಂಪ ಮುನ್ಸೂಚನೆ ಕೊಡುವವರು ಜಗತ್ತಿನಲ್ಲಿ ಯಾರೂ ಇಲ್ಲ. ಮಳೆಗಾಲದಲ್ಲಿ ಫೋನ್ ಆಫ್ ಮಾಡಿಸುವ ಸಂದೇಶ ಹಂಚುವುದು ಅಪಾಯ. ದರೆ ಕುಸಿದರೆ ಯಾರನ್ನು ಕರೆಯುತ್ತಾರೆ?

ಭದ್ರಾವತಿ ಇನ್ನೊಬ್ಬರು: ಕಾರ್ಬನ್ ಡೇಟಿಂಗ್‌ಗೆ ಎಷ್ಟು ಖರ್ಚಾಗುತ್ತೆ? ನಮ್ಮ ಬಂಡೆಗೆ.

ಮೇಡಂ: ಮೇಲೆ ಓದಿ.

ಕೊಪ್ಪದವರು: ಬಿರುಕಿಗೆ ಸುಣ್ಣ, ಕಲ್ಲುಪ್ಪು ಸುರಿದು ನೀರು ಬಿಟ್ಟರೆ ಕಚ್ಚಿಕೊಳ್ಳುತ್ತೆ ಅಂತ ಇನ್ನೊಂದು ಗುಂಪಿನಲ್ಲಿ ಇತ್ತು. ತೀರ್ಥಹಳ್ಳಿ ಅಕ್ಕ ನೋಡಲಿ ಅಂತ ಹಾಕಿದೆ.

ಮೇಡಂ: ಅಳಿಸಿ. ಈಗಲೇ ಅಳಿಸಿ. ಜಾರುವ ಗುಡ್ಡದ ಬಿರುಕಿಗೆ ನೀವೇ ನೀರು ಬಿಡಿ ಅನ್ನುತ್ತಿದ್ದೀರಿ. ಆ ಮನೆಯಲ್ಲಿ ಮಕ್ಕಳಿದ್ದಾರೆ.

ಕೊಪ್ಪದವರು: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಸಾಗರದ ಮೇಷ್ಟ್ರು: ಮೇಡಂ ಹೇಳಿದ್ದು ಸರಿ ಇದೆ. ಅಳಿಸಿ.

ಅಡ್ಮಿನ್: ಅಳಿಸಿದ್ದೇನೆ. ಇನ್ನು ಫಾರ್ವರ್ಡ್ ಹಾಕಿದವರನ್ನು ತೆಗೆಯುತ್ತೇನೆ.

ಶಿಕಾರಿಪುರದವರು: ಮೇಡಂ, ಬೋರ್‌ವೆಲ್‌ಗೆ ಒಂದು ಜಾಗ ನೋಡಿ ಹೇಳ್ತೀರಾ? ಲೊಕೇಶನ್ ಕಳಿಸ್ತೀನಿ.

ತೀರ್ಥಹಳ್ಳಿ ತೋಟದವರು: ಮೇಡಂ, ಗೂಟ ಹೊಡೆದಿದ್ದೆವು. ಮಧ್ಯಾಹ್ನ 42 ಇಂಚು. ಈಗ ಐದು ಗಂಟೆಗೆ ಮತ್ತೆ ಹಿಡಿದರೆ 43 ಮುಕ್ಕಾಲು.

ಮೇಡಂ: ಮನೆಯಲ್ಲಿ ಯಾರಿದ್ದಾರೆ?

ತೀರ್ಥಹಳ್ಳಿ ತೋಟದವರು: ಮಕ್ಕಳನ್ನು ತವರಿಗೆ ಕಳಿಸಿದೆ. ಗಬ್ಬದ ಹಸು ಬಿಟ್ಟು ಬರಲ್ಲ ಅಂತ ಅತ್ತೆ ಕೂತಿದ್ದಾರೆ.

ಮೇಡಂ: ಕೆಲವೇ ಗಂಟೆಗಳಲ್ಲಿ ಒಂದು ಮುಕ್ಕಾಲು ಇಂಚು ಸರಿದಿದೆ. ಇನ್ನು ಅಳೆಯಲು ಹೋಗಬೇಡಿ, ಗೂಟದ ಹತ್ತಿರವೂ ಬೇಡ. ಹಸುವಿನ ಕಣ್ಣಿ ಬಿಚ್ಚಿ, ಅತ್ತೆಯ ಜೊತೆಗೇ ಹೊಡೆದುಕೊಂಡು ಬನ್ನಿ.

ಕೋಣಂದೂರಿನವರು: ಅಕ್ಕಾ, ನಾನು ಹತ್ತಿರದಲ್ಲೇ ಇದ್ದೇನೆ, ಪಿಕಪ್ ಇದೆ. ಹಸುವೂ ಹಿಡಿಯುತ್ತೆ. ಇನ್‌ಬಾಕ್ಸ್‌ಗೆ ನಂಬರ್ ಹಾಕಿ.

ಮೇಡಂ: ಹೋಗಿ ಅಣ್ಣ. ಗಾಡಿಯನ್ನು ಕಡಿದ ದರೆಯ ಕೆಳಗೆ ನಿಲ್ಲಿಸಬೇಡಿ, ಪಕ್ಕದ ದಿಣ್ಣೆಯ ಕಡೆಯಿಂದ ಹೋಗಿ. ಹಳ್ಳದ ಗುಂಟ ಬರಬೇಡಿ. ಅಕ್ಕಾ, ಹೊರಟ ಕೂಡಲೇ ಇಲ್ಲಿ ಒಂದು ಸಾಲು ಹಾಕಿ. 1077ಕ್ಕೆ ನಾನೂ ಫೋನ್ ಮಾಡುತ್ತಿದ್ದೇನೆ. ಉಳಿದವರು ಸದ್ಯ ಏನೂ ಕೇಳಬೇಡಿ.