ದುಡ್ಡು ಕೊಟ್ಟು ಮ್ಯಾಪ್ ತಗೊಂಡ ಮೇಲೆ ಮ್ಯಾಚೇ ಸಿಗ್ತಿಲ್ಲ, ಯಾಕೆ?

ಕಣದ ಕಾವಲು, ನಾಪೋಕ್ಲು

ಎಲ್ಲರಿಗೂ ನಮಸ್ಕಾರ. ನಾಪೋಕ್ಲಿನ ಹತ್ತಿರ ನಮ್ಮದು ಸಣ್ಣ ರೋಬಸ್ಟಾ ತೋಟ. ಈಗ ಹೂವಿಗೆ ನೀರು ಕೊಡುವ ಸಮಯ. ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಓಡುತ್ತದೆ. ಒಂದು ಸಲ ಪೈಪ್ ಬದಲಿಸಿ ಬಂದರೆ ಮೂರು ಗಂಟೆ ಬೇರೆ ಕೆಲಸ ಇಲ್ಲ, ಮಲಗಿದರೆ ಏಳೋದಿಲ್ಲ. ಹಾಗಾಗಿ ಕೂತು ಆಡುತ್ತೇನೆ.

ಕಾಫಿ ಮಾರಿದ ದುಡ್ಡು ಬಂದ ವಾರವೇ ನನ್ನ ಶೂಟಿಂಗ್ ಆಟದ ಮ್ಯಾಪ್ ಪ್ಯಾಕ್‌ಗಳು (ಮ್ಯಾಪ್ ಅಂದರೆ ಆಟ ನಡೆಯುವ ಜಾಗ, ಪ್ಯಾಕ್ ಅಂದರೆ ಅಂಥ ಹೊಸ ಜಾಗಗಳ ಕಟ್ಟು) ಸೇಲ್‌ಗೆ ಬಂದವು. ನಾಲ್ಕೂ ಸೇರಿ 1,200 ರೂಪಾಯಿ. ತಗೊಂಡೆ. (ಮನೆಯಲ್ಲಿ 300 ಅಂತ ಹೇಳಿದ್ದೇನೆ.) ಆಟದ ಹೆಸರು ಬೇಡ, ಹಳೇದು. ಸುಮ್ನೆ ಯಾಕೆ ಜಗಳ.

ಈಗ ಕಷ್ಟ ಏನಪ್ಪಾ ಅಂದ್ರೆ, ಮೊದಲು ಮ್ಯಾಚ್ ಹುಡುಕಿದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು, ಮುಂಬೈ ಸರ್ವರ್, ಪಿಂಗ್ (ಸರ್ವರ್‌ಗೆ ಹೋಗಿ ಬರೋಕೆ ಹಿಡಿಯುವ ಮಿಲಿಸೆಕೆಂಡ್, ಕಡಿಮೆ ಇದ್ದಷ್ಟೂ ಒಳ್ಳೇದು) 50ರ ಆಸುಪಾಸು. ಈಗ ಹೊಸ ಮ್ಯಾಪ್ ಆಡೋಣ ಅಂತ ಒತ್ತಿದರೆ ಎಂಟು ಹತ್ತು ನಿಮಿಷ ಬರೀ ಚಕ್ರ ತಿರುಗುತ್ತದೆ. ಕೊನೆಗೆ ಎಲ್ಲೋ ಯುರೋಪಿನ ಸರ್ವರ್‌ಗೆ ಎಸೆಯುತ್ತದೆ, ಪಿಂಗ್ 180. ನಾನು ಗುಂಡು ಹೊಡೆಯೋ ಹೊತ್ತಿಗೆ ಎದುರಿನವನು ನನ್ನನ್ನು ಮುಗಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟಿರುತ್ತಾನೆ.

ಇನ್ನೊಂದು, ನಾವು ನಾಲ್ವರು ಗೆಳೆಯರು. ಒಬ್ಬ ಗೋಣಿಕೊಪ್ಪ, ಒಬ್ಬ ಮೈಸೂರು, ಒಬ್ಬ ದುಬೈ. ಅವರು ಯಾರೂ ಪ್ಯಾಕ್ ತಗೊಂಡಿಲ್ಲ. ಒಟ್ಟಿಗೆ ಸೇರಿದ ತಕ್ಷಣ ನನ್ನ ಹೊಸ ಮ್ಯಾಪ್‌ಗಳೆಲ್ಲ ಪಟ್ಟಿಯಿಂದ ಮಾಯ! ದುಡ್ಡು ಕೊಟ್ಟಿದ್ದು ನಾನು, ಶಿಕ್ಷೆಯೂ ನನಗೇನಾ? ನಮ್ಮ ಊರಿನ ನೆಟ್ ತೊಂದರೆಯೋ, ಪ್ಯಾಕ್ ತೊಂದರೆಯೋ? ಅವರ ಹತ್ತಿರವೂ ಹಟ ಮಾಡಿ ತಗೊಳ್ಳಿಸಲಾ?

ಸೋಮವಾರಪೇಟೆ ಟು ಸಿಲ್ಕ್‌ಬೋರ್ಡ್

ಅಣ್ಣ, ನೆಟ್ ತೊಂದರೆ ಅಲ್ಲ. ಹಳೇ ಮ್ಯಾಪ್‌ನಲ್ಲಿ 50 ಬರುತ್ತಿದ್ದರೆ ನಿಮ್ಮ ಲೈನ್ ಚೆನ್ನಾಗೇ ಇದೆ. ತೊಂದರೆ ಪ್ಯಾಕ್‌ನದ್ದೇ.

ಮ್ಯಾಚ್‌ಮೇಕಿಂಗ್ ನಿಮಗೆ ಜೊತೆ ಹುಡುಕುವಾಗ ಕೆಲವು ಷರತ್ತು ನೋಡುತ್ತದೆ. ಪಿಂಗ್ ಎಷ್ಟು, ನಿಮ್ಮ ಮಟ್ಟದ ಆಟಗಾರರು ಯಾರು, ಯಾವ ಮೋಡ್ (ಆಟದ ಬಗೆ), ಹೀಗೆ. ಇದರಲ್ಲಿ ಪಿಂಗ್ ಮತ್ತು ಮಟ್ಟ ಸಡಿಲ ಷರತ್ತುಗಳು. ಕಾಯುವ ಹೊತ್ತು ಜಾಸ್ತಿಯಾದ ಹಾಗೆ ಹಗ್ಗ ಸಡಿಲ ಬಿಡುತ್ತದೆ. ಮುಂಬೈಯಲ್ಲಿ ಇಲ್ವಾ, ಸಿಂಗಾಪುರ ನೋಡು. ಅಲ್ಲೂ ಇಲ್ವಾ, ಇನ್ನೂ ದೂರ ಹೋಗು. ಆದರೆ ಮ್ಯಾಪ್ ಇದೆಯಾ ಇಲ್ವಾ ಅನ್ನೋದು ಸಡಿಲ ಆಗೋದೇ ಇಲ್ಲ. ಇಲ್ಲದವನನ್ನು ಒಳಗೆ ಬಿಡುವ ಹಾಗಿಲ್ಲ. ಅದು ಗೋಡೆ. ಗೋಡೆ ಅಲ್ಲಾಡದಿದ್ದರೆ ಉಳಿದದ್ದೆಲ್ಲ ಅಲ್ಲಾಡಬೇಕಲ್ವಾ? ಅದಕ್ಕೇ ನಿಮಗೆ 180 ಪಿಂಗ್. ಅದರ ಮೇಲೆ ನೀವು ಆಡೋದು ನಡುರಾತ್ರಿ. ಇಲ್ಲಿಯವರು ಮಲಗಿರುತ್ತಾರೆ, ಯುರೋಪಿನಲ್ಲಿ ಆಗ ಸಂಜೆ.

ಗೆಳೆಯರ ಜೊತೆ ಆಡುವಾಗ ನಾಲ್ವರ ಹತ್ತಿರವೂ ಇರುವ ಮ್ಯಾಪ್ ಮಾತ್ರ ಉಳಿಯುತ್ತದೆ. ಒಬ್ಬನ ಹತ್ತಿರ ಇಲ್ಲದಿದ್ದರೂ ಕಟ್.

ಒಂದು ಲೆಕ್ಕ ಹೇಳ್ತೀನಿ. ಪ್ಯಾಕ್ ನಾಲ್ಕು. ಬಿಡಿಬಿಡಿಯಾಗಿ ಮಾರಿದರೆ ಪ್ರತಿಯೊಂದನ್ನೂ ಒಬ್ಬ ತಗೊಂಡಿರಬಹುದು, ಇಲ್ಲದಿರಬಹುದು. ಅಂದರೆ ಆಟಗಾರರಲ್ಲಿ 16 ಬಗೆಯವರು. ಆಟ ಹೊಸದಿರುವಾಗ ಲಕ್ಷಗಟ್ಟಲೆ ಜನ ಇರುತ್ತಾರೆ, ಇದು ಕಣ್ಣಿಗೆ ಬೀಳಲ್ಲ. ಜನ ಕಡಿಮೆಯಾದ ಮೇಲೆ ಮೊದಲು ಖಾಲಿಯಾಗೋದು ದುಡ್ಡು ಕೊಟ್ಟವರ ಕೋಣೆಯೇ.

ಕಂಪನಿಗಳಿಗೂ ಇದು ತಡವಾಗಿ ಅರ್ಥ ಆಯ್ತು. 2014ರ ಟೈಟನ್‌ಫಾಲ್ ಅನ್ನೋ ಆಟ ಮ್ಯಾಪ್‌ಗಳನ್ನು ಮಾರಿತು, ಮರುವರ್ಷ ಎಲ್ಲರಿಗೂ ಬಿಟ್ಟಿ ಕೊಟ್ಟಿತು. 2016ರ ಟೈಟನ್‌ಫಾಲ್ 2ರಲ್ಲಿ ಶುರುವಿನಿಂದಲೇ ಮ್ಯಾಪ್ ಬಿಟ್ಟಿ. ಬ್ಯಾಟಲ್‌ಫೀಲ್ಡ್ 3, 4, 1 ಮೂರರಲ್ಲೂ ಪ್ರೀಮಿಯಂ (ಎಲ್ಲ ಪ್ಯಾಕ್‌ಗೂ ಸೇರಿ ಒಂದೇ ಸಲ ದುಡ್ಡು) ಇತ್ತು, 2018ರ ಬ್ಯಾಟಲ್‌ಫೀಲ್ಡ್ 5ರಲ್ಲಿ ಅದನ್ನು ಕೈಬಿಟ್ಟರು. ಕಾಲ್ ಆಫ್ ಡ್ಯೂಟಿಯವರು 2010ರಲ್ಲಿ ಐದು ಮ್ಯಾಪ್‌ಗೆ 15 ಡಾಲರ್ ತಗೊಂಡವರು. ಅದರಲ್ಲೂ ಎರಡು ಹಳೇ ಆಟದ ಮ್ಯಾಪ್! ಅವರೂ 2019ರಲ್ಲಿ ಮಾಡರ್ನ್ ವಾರ್‌ಫೇರ್ ಬಿಡುವಾಗ ಸೀಸನ್ ಪಾಸ್ (ಮುಂದೆ ಬರುವ ಪ್ಯಾಕ್‌ಗಳಿಗೆ ಮೊದಲೇ ಒಟ್ಟಿಗೆ ದುಡ್ಡು) ತೆಗೆದರು. ಆಮೇಲೆ ದುಡ್ಡು ಬಂದಿದ್ದು ಬಟ್ಟೆ, ಬಂದೂಕಿನ ಬಣ್ಣ, ಬ್ಯಾಟಲ್ ಪಾಸ್ (ಆಡುತ್ತಾ ಹೋದ ಹಾಗೆ ಬಹುಮಾನ ಬಿಚ್ಚುವ ಪಾಸ್) ಇವುಗಳಿಂದ. ಅದು ಬೇರೆ ತಲೆನೋವು, ಆದರೆ ನಿನ್ನ ಬಂದೂಕು ಗುಲಾಬಿ ಬಣ್ಣದ್ದು ಅಂತ ನನಗೆ ಮ್ಯಾಚ್ ಸಿಗದೇ ಹೋಗಲ್ಲ.

ಸೆಟ್ಟಿಂಗ್‌ನಲ್ಲಿ ಪ್ಯಾಕ್‌ಗಳ ಮುಂದೆ ಟಿಕ್ ಇದೆಯಾ ನೋಡಿ. ಕೆಲವು ಆಟದಲ್ಲಿರುತ್ತದೆ. ಒಂದನ್ನು ಬಿಟ್ಟು ಉಳಿದದ್ದು ತೆಗೆದು ನೋಡಿ.

ಹಳೇ ಕೆಫೆ ಮಾಲೀಕ, ವಿರಾಜಪೇಟೆ

2005ರ ಸುಮಾರಿಗೆ ಪೇಟೆಯಲ್ಲಿ ನನ್ನದೊಂದು ಇಂಟರ್‌ನೆಟ್ ಕೆಫೆ ಇತ್ತು. ಎಂಟು ಕಂಪ್ಯೂಟರ್, ಗಂಟೆಗೆ 20 ರೂಪಾಯಿ. ಕೌಂಟರ್ ಸ್ಟ್ರೈಕ್ 1.6 ಆಡೋಕೆ ಕಾಲೇಜು ಹುಡುಗರು ಮಳೆಯಲ್ಲಿ ನೆನೆದುಕೊಂಡೇ ಬರುತ್ತಿದ್ದರು. ಕೊಡೆ ಇಡೋಕೆ ಮೂಲೆಯಲ್ಲಿ ಎಣ್ಣೆ ಡಬ್ಬ ಇಟ್ಟಿದ್ದೆ. ಸಿಡಿಲಿಗೆ ಒಂದೇ ಮಳೆಗಾಲದಲ್ಲಿ ಎರಡು ಸ್ವಿಚ್ ಸುಟ್ಟು ಹೋಗಿತ್ತು.

ಆಗ ಮ್ಯಾಪ್‌ಗೆ ದುಡ್ಡು ಅನ್ನೋ ಮಾತೇ ಇರಲಿಲ್ಲ. ಯಾರೋ ಮಾಡುತ್ತಿದ್ದರು, ಯಾರೋ ಪೆನ್‌ಡ್ರೈವ್‌ನಲ್ಲಿ ತರುತ್ತಿದ್ದರು. ಆನ್‌ಲೈನ್ ಸರ್ವರ್‌ಗೆ ಹೋದರೆ, ನಮ್ಮ ಹತ್ತಿರ ಇಲ್ಲದ ಮ್ಯಾಪ್ ಸರ್ವರ್‌ನಿಂದಲೇ ಇಳಿಯುತ್ತಿತ್ತು. ನಮ್ಮ ನೆಟ್‌ಗೆ ಅದು ಇಳಿಯೋ ಹೊತ್ತಿಗೆ ಹುಡುಗರು ಹೋಗಿ ಬಜ್ಜಿ ತಿಂದು ಬರಬಹುದಿತ್ತು, ಅದು ಬೇರೆ ಮಾತು. ಆದರೆ ಬಾಗಿಲು ಹಾಕಿರಲಿಲ್ಲ.

ನಮ್ಮ ಕೊಡವ ಹಾಕಿ ಹಬ್ಬ ನೋಡಿ. 1997ರಲ್ಲಿ ಕರಡದಲ್ಲಿ 60 ಕುಟುಂಬದ ತಂಡದಿಂದ ಶುರುವಾಯ್ತು. 2024ರಲ್ಲಿ ನಿಮ್ಮ ನಾಪೋಕ್ಲಲ್ಲೇ 360 ತಂಡ ಆಡಿದವು. ಎರಡನೇ ಮೈದಾನಕ್ಕೆ ಬೇರೆ ಪಾಸ್, ಮೂರನೇದಕ್ಕೆ ಇನ್ನೊಂದು ಪಾಸ್, ಪಾಸ್ ಇಲ್ಲದ ಒಕ್ಕದವರು (ಕೊಡವ ಮನೆತನದವರು) ಅಲ್ಲಿ ಆಡಬಾರದು ಅಂದಿದ್ದರೆ ಏನಾಗ್ತಿತ್ತು? ಪಾಸ್ ತಗೊಂಡ ತಂಡ ಬೆಳಿಗ್ಗೆಯಿಂದ ಸ್ಟಿಕ್ ಹಿಡಿದು ಖಾಲಿ ಮೈದಾನದಲ್ಲಿ ನಿಂತಿರುತ್ತಿತ್ತು. ಈಗ ನೀವು ನಿಂತಿದ್ದೀರಲ್ಲ, ಹಾಗೆ.

ಮೂರನೇ ತಿರುವು

ಇಬ್ಬರೂ ಒಂದೇ ಕಡೆ ಮಾತಾಡ್ತಿದ್ದೀರಿ. ಮ್ಯಾಪ್ ಮಾಡೋಕೂ ಜನ ತಿಂಗಳುಗಟ್ಟಲೆ ಕೂತು ಕೆಲಸ ಮಾಡಿರುತ್ತಾರೆ. ಬಿಟ್ಟಿ ಯಾಕೆ ಕೊಡಬೇಕು? ನಾನು ಬ್ಯಾಟಲ್‌ಫೀಲ್ಡ್ 4ರ ಪ್ರೀಮಿಯಂ ತಗೊಂಡಿದ್ದೆ. ಹೊಸ ಪ್ಯಾಕ್ ಬಂದ ಮೊದಲ ಎರಡು ವಾರ ಆಟ ಎಷ್ಟು ಚೆನ್ನಾಗಿರುತ್ತಿತ್ತು ಗೊತ್ತಾ? ಬಂದವರೆಲ್ಲ ಮನಸ್ಸಿಟ್ಟು ಆಡುವವರು.

ಮಾರೋದು ತಪ್ಪಲ್ಲ, ಮಾರುವ ರೀತಿ ತಪ್ಪು. 2016ರ ಗೇರ್ಸ್ ಆಫ್ ವಾರ್ 4 ಸರಿಯಾಗಿ ಮಾಡಿತು. ಸಾರ್ವಜನಿಕ ಮ್ಯಾಚ್‌ನಲ್ಲಿ ಹೊಸ ಮ್ಯಾಪ್ ಎಲ್ಲರಿಗೂ ಬರುತ್ತಿತ್ತು, ನಮ್ಮದೇ ಖಾಸಗಿ ಮ್ಯಾಚ್ ಇಟ್ಟುಕೊಳ್ಳೋಕೆ ಮಾತ್ರ ಕೊಂಡಿರಬೇಕು. ಪೇಡೇ 2ರಲ್ಲಿ ಕರೆದವನ ಹತ್ತಿರ ಇದ್ದರೆ ಸಾಕು, ನೆಂಟರಿಗೂ ಊಟ. ಫೈಟಿಂಗ್ ಆಟಗಳಲ್ಲೂ ಎದುರಾಳಿ ದುಡ್ಡು ಕೊಟ್ಟ ಪಾತ್ರ ತಂದರೆ ನಾನು ಕೊಳ್ಳದೆಯೇ ಅವನ ಜೊತೆ ಹೊಡೆದಾಡಬಹುದು. ಪಾತ್ರವನ್ನು ಒಬ್ಬ ತಂದರೆ ಆಯ್ತು. ಮ್ಯಾಪ್ ಮೇಲೆ ಎಲ್ಲರೂ ನಿಲ್ಲಬೇಕು.

ಗೆಳೆಯರಿಗೆ ಹಟ ಮಾಡಬೇಡಿ. ಹಳೇ ಆಟ ಅಂತೀರಿ. ಅವರು ಕೊಂಡರೂ ನಾಲ್ವರೇ ಆಗ್ತೀರಿ, ಎದುರು ತಂಡ ಎಲ್ಲಿಂದ ತರ್ತೀರಿ?

ಕಣದ ಕಾವಲು, ನಾಪೋಕ್ಲು

ಸೋಮವಾರಪೇಟೆ ತಮ್ಮ ಹೇಳಿದ ಟಿಕ್ ಸಿಕ್ಕಿತು, ಮೆನುವಿನ ಮೂರು ಪುಟ ಒಳಗೆ. ನಿನ್ನೆ ರಾತ್ರಿ ಪೂರ್ತಿ ಅದೇ ಕೆಲಸ. ನಾಲ್ಕೂ ತೆಗೆದಾಗ 40 ಸೆಕೆಂಡ್, ಮುಂಬೈ. ಒಂದೇ ಪ್ಯಾಕ್ ಇಟ್ಟಾಗ ಮೂರು ನಿಮಿಷ, ಸಿಂಗಾಪುರ, ಪಿಂಗ್ 90. ಆಡಬಹುದು. ನಾಲ್ಕೂ ಇಟ್ಟಾಗ ಹನ್ನೊಂದು ನಿಮಿಷ ಕಾದು ನಾನೇ ಮುಚ್ಚಿದೆ. ರಾತ್ರಿ ಒಂಬತ್ತಕ್ಕೆ ಹುಡುಕಿದರೆ ಸ್ವಲ್ಪ ವಾಸಿ, ಆದರೆ ಒಂಬತ್ತಕ್ಕೆ ನಮ್ಮನೆ ಟಿವಿ ನನ್ನದಲ್ಲ.

ವಿರಾಜಪೇಟೆಯ ಅಣ್ಣ, ಆ ಎಣ್ಣೆ ಡಬ್ಬ ನೆನಪಿದೆ. ನನ್ನ ಕೊಡೆ ಒಂದು ಅಲ್ಲೇ ಉಳಿದಿತ್ತು, ಕಪ್ಪು ಬಣ್ಣದ್ದು, ಹಿಡಿ ಮುರಿದದ್ದು.

ಗೆಳೆಯರಿಗೆ ಹೇಳಲಿಲ್ಲ. ಭಾನುವಾರ ನಾಲ್ವರೂ ಹಳೇ ಮ್ಯಾಪ್‌ನಲ್ಲೇ ಆಡುವುದು ಅಂತಾಯ್ತು. ಮೋಟಾರ್ ಸದ್ದು ನಿಂತ ಹಾಗಿದೆ, ಕರೆಂಟ್ ಹೋಯ್ತೋ ಏನೋ. ಟಾರ್ಚ್ ಹಿಡಿದು ನೋಡಿ ಬರ್ತೀನಿ.